ರಾತ್ರಿ, ಊಟದ ನಂತರ

ಹದಿನಾಲ್ಕು ವರ್ಷ ಅವರ ಖಾನಾವಳಿಯಲ್ಲಿ ಉಂಡಿದ್ದೇನೆ. ಅವರು ಉಣ್ಣುವುದನ್ನು ನೋಡಿದ್ದು ಒಂದೇ ಸಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಹಾವೇರಿಯ ಮಗಳ ಮನೆಯಲ್ಲಿ ಅಕ್ಕಾರು ತೀರಿಕೊಂಡರು. ಫೋನು ಬಂದಾಗ ನಾನು ಬ್ಯಾಡಗಿಯ ಔಷಧಿ ಅಂಗಡಿಯಲ್ಲಿ ಯಾರಿಗೋ ಕೆಮ್ಮಿನ ಔಷಧಿ ಕೊಡುತ್ತಿದ್ದೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಹಿಡಿದುಕೊಂಡೇ ಬಾಟಲಿಯನ್ನು ಕಾಗದದಲ್ಲಿ ಸುತ್ತಿದೆ. ದಿನಕ್ಕೆ ಮೂರು ಸಲ, ಒಂದೊಂದು ಮುಚ್ಚಳ ಎಂದು ಎದುರಿಗಿದ್ದವರಿಗೆ ಹೇಳಿದೆ. ಆಮೇಲೆ ಫೋನಿನಲ್ಲಿದ್ದವರಿಗೆ, ಗೊತ್ತಾತು, ಬರ್ತೇನಿ ಎಂದೆ. ಅಳು ಬರಲಿಲ್ಲ. ಸಂಜೆ ರಾಣೆಬೆನ್ನೂರಿಗೆ ಮನೆಗೆ ಹೋಗಿ ಹೆಂಡತಿಗೆ ಹೇಳುವಾಗಲೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಎಲ್ಲೋ ಕೈಯೋ ಕಾಲೋ ಜೋಮು ಹಿಡಿದಾಗ ಅದು ನಮ್ಮದೇ ಹೌದೋ ಅಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಆಗಾಗ ಅವರನ್ನು ನೆನೆಸಿಕೊಂಡು ನೋಡುತ್ತೇನೆ.

ಅವರ ಹೆಸರು ನನಗೆ ಗೊತ್ತಿದೆ. ಡಾಕ್ಟರರ ಚೀಟಿಯ ಮೇಲೆ ಎಷ್ಟೋ ಸಲ ಓದಿದ್ದೇನೆ. ಆದರೆ ಮೆಣಸಿನಕಾಯಿ ಪೇಟೆಯ ಆಜುಬಾಜು ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಮಾಲರಿಗೂ ಅಕ್ಕಾರು, ದಲಾಲರಿಗೂ ಅಕ್ಕಾರು, ಅವರಿಗಿಂತ ಹಿರಿಯರಾದ ಮುದುಕರಿಗೂ ಅಕ್ಕಾರು. ನಾನೂ ಹಾಗೇ ಬರೆಯುತ್ತೇನೆ.

ಫಾರ್ಮಸಿ ಓದಿ ಮುಗಿಸಿ ಬ್ಯಾಡಗಿಯ ಅಂಗಡಿಗೆ ಸೇರಿದ ಹೊಸದರಲ್ಲಿ ನಾನು ರಾಣೆಬೆನ್ನೂರಿನಿಂದ ಬೆಳಗಿನ ಗಾಡಿಗೆ ಬಂದು ಸಂಜೆ ಗಾಡಿಗೆ ಮರಳುತ್ತಿದ್ದೆ. ಬೆಳಿಗ್ಗೆ ಅಷ್ಟು ಲಗೂ ಮನೆಯಲ್ಲಿ ಡಬ್ಬಿ ಕಟ್ಟುವುದು ಆಗುತ್ತಿರಲಿಲ್ಲ. ಅಂಗಡಿಯ ಮಾಲೀಕರು ಅಕ್ಕಾರ ಖಾನಾವಳಿ ತೋರಿಸಿದರು. ಪೇಟೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿ. ಒಳಗಿನ ಖೋಲಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಹೊರಗಿನದರಲ್ಲಿ ಎರಡು ಸಾಲು ಬೆಂಚು. ಬಡಿಸುವುದು ಮಾತ್ರ ಅಕ್ಕಾರೇ. ಬೇರೆಯವರ ಕೈಗೆ ರೊಟ್ಟಿಯ ಬುಟ್ಟಿ ಕೊಟ್ಟಿದ್ದನ್ನು ನಾನು ಕಾಣೆ. ಮೊದಲ ದಿನವೇ ನಾನು ಒಂದು ರೊಟ್ಟಿ ಬಿಟ್ಟು ಎದ್ದೆ. ಅವರು ತಾಟು ನೋಡಿ, ನಿನಗ ಹೊಟ್ಟಿ ಸರಿ ಇಲ್ಲೋ ಮನಸ್ಸು ಸರಿ ಇಲ್ಲೋ ಎಂದು ಕೇಳಿದರು. ಎರಡೂ ಸರಿ ಅದಾವ್ರಿ, ಗಿರಾಕಿ ಕಾಯಾಕತ್ತಾರ ಎಂದೆ. ಗಿರಾಕಿ ಕಾಯ್ತಾರ, ರೊಟ್ಟಿ ಕಾಯಂಗಿಲ್ಲ ಎಂದರು. ಕೂತು ಉಂಡು ಹೋದೆ. ಅವತ್ತಿನಿಂದ ನಾನು ಅವರಿಗೆ ತಮ್ಮ.

ಅವರ ಸ್ವಭಾವದಲ್ಲಿ ಒಂದು ಸಂಗತಿ ಎಲ್ಲರೂ ಬಲ್ಲದ್ದು. ಹೇಳಿದ್ದನ್ನು ಹೇಳಿದಂತೆಯೇ ಮಾಡುವುದು. ಅದರ ಮೇಲೆ ಪೇಟೆಯಲ್ಲಿ ನಗೆಚಾಟಿಕೆ ಕೂಡ ಇತ್ತು. ನೀರಿನ ಹಂಡೆಗೆ ಮುಚ್ಚಳ ಇರಬೇಕು ಎಂದು ಪುರಸಭೆಯವರು ಒಮ್ಮೆ ಹೇಳಿ ಹೋಗಿದ್ದರಂತೆ. ಅದಾದ ಮೇಲೆ ಹಂಡೆ ಬರಿದಾಗಿ ಬೋರಲು ಹಾಕಿದಾಗಲೂ ಅವರು ಅದರ ಮೇಲೆ ಮುಚ್ಚಳ ಇಡುತ್ತಿದ್ದರು. ದಾವಣಗೆರೆ ಕಡೆಯ ಒಬ್ಬ ವ್ಯಾಪಾರಿ ಯಾವುದೋ ಕಾಲದಲ್ಲಿ, ನನಗ ಉಳ್ಳಾಗಡ್ಡಿ ಬ್ಯಾಡ್ರಿ ಎಂದಿದ್ದರು. ನಾಲ್ಕೈದು ವರ್ಷ ಬಿಟ್ಟು ಅವರು ಮತ್ತೆ ಬಂದು ಕೂತಾಗ ಎಲ್ಲರ ತಾಟಿನಲ್ಲೂ ಹಸಿ ಉಳ್ಳಾಗಡ್ಡಿ ಇತ್ತು, ಅವರ ತಾಟಿನಲ್ಲಿ ಇರಲಿಲ್ಲ. ಅವರು, ನಾ ಈಗ ತಿಂತೇನಿ ಅಕ್ಕಾರ ಎಂದ ಮೇಲೆ ಒಳಗೆ ಹೋಗಿ ತಂದು ಹಾಕಿದರು. ಅದರಲ್ಲಿ ಅಕ್ಕಾರಿಗೆ ನಗುವಂಥದ್ದು ಏನೂ ಕಾಣುತ್ತಿರಲಿಲ್ಲ.

ಹೊಸರಿತ್ತಿಯ ರೈತರೊಬ್ಬರು ಖಾನಾವಳಿಯಲ್ಲಿ ಮೆಣಸಿನಕಾಯಿ ಬೀಜದ ಚೀಲ ಇಟ್ಟು, ಸಂಜಿಗೆ ಬಂದು ಒಯ್ತೇನಿ, ಯಾರೂ ಮುಟ್ಟದಂಗ ನೋಡಿಕೊಳ್ರಿ ಎಂದು ಹೋದವರು ಬರಲೇ ಇಲ್ಲ. ಒಂದು ಸುಗ್ಗಿ ಕಳೆದು ಇನ್ನೊಂದು ಸುಗ್ಗಿ ಬಂತು. ಚೀಲ ಅಟ್ಟದ ಮೇಲೆ ಹಾಗೇ ಇತ್ತು. ಇಲಿ ಕಡಿದು ಬೀಜ ಸುರಿಯತೊಡಗಿದಾಗ ಸುರಿದಿದ್ದನ್ನು ಕೂಡಿಸಿ ಇನ್ನೊಂದು ಚೀಲಕ್ಕೆ ತುಂಬಿ ಅದರ ಪಕ್ಕಕ್ಕೆ ಇಟ್ಟರು. ಬಿಸಾಡ್ರಿ ಎಂದು ನಾನು ಹೇಳಿದ್ದಕ್ಕೆ, ಬಿಸಾಡು ಅಂತ ಅವರು ಹೇಳಿಲ್ಲಲ್ಲ ಎಂದರು. ಆಮೇಲೆ ಆ ರೈತರ ಮಗ ಬಂದ. ಅಪ್ಪ ತೀರಿ ಹೋಗಿ ವರ್ಷವಾಗಿತ್ತು. ಮಗನಿಗೆ ಚೀಲದ ಸುದ್ದಿಯೇ ಗೊತ್ತಿರಲಿಲ್ಲ. ಅವನಿಗೆ ಎರಡೂ ಚೀಲ ಒಪ್ಪಿಸಿ, ಇಲಿ ತಿಂದದ್ದಕ್ಕೆ ಮನ್ನಿಸು ಎಂದರು.

ಇಂಥ ಮನುಷ್ಯರ ಜೊತೆ ಮಾತಾಡುವಾಗ ನೋಡಿ ಮಾತಾಡಬೇಕು. ನನಗೆ ಅದು ತಿಳಿದಿರಬೇಕಿತ್ತು. ತಿಳಿದೂ ಇತ್ತು.

ಅವರು ತೀರಿಕೊಳ್ಳುವ ಎರಡು ವರ್ಷ ಮೊದಲು ಶ್ರಾವಣದಲ್ಲಿ ಪೇಟೆಯ ಹಮಾಲರಿಗೆ, ಅಂಗಡಿಯವರಿಗೆ ಎಂದು ಒಂದು ಆರೋಗ್ಯ ತಪಾಸಣೆ ಇಟ್ಟಿದ್ದರು. ಬೆಳಿಗ್ಗೆ ಏನೂ ತಿನ್ನದೆ ಬರಬೇಕು ಎಂದು ಡಂಗುರ ಹೊಡೆಸಿದ್ದರು. ಅಕ್ಕಾರು ರಕ್ತ ಕೊಟ್ಟು ಬಂದು ಕೆಲಸಕ್ಕೆ ಹತ್ತಿದರು. ಎರಡು ದಿನ ಬಿಟ್ಟು ಕಾಗದ ಬಂತು, ಕೊಲೆಸ್ಟ್ರಾಲ್ ಬಹಳ ಏರಿತ್ತು. ಊರಿನ ಡಾಕ್ಟರರು ಕಾಗದ ನೋಡಿ, ಎದೆಗೆ ಕಿವಿಗೊಟ್ಟು, ಒಂದು ಗುಳಿಗೆ ಬರೆದರು. ಅಕ್ಕಾರು ಚೀಟಿ ಹಿಡಿದು ನಮ್ಮ ಅಂಗಡಿಗೆ ಬಂದರು. ಗಿರಾಕಿಯಾಗಿ ಬಂದು ಅಂಗಡಿಯ ಮುಂದೆ ನಿಂತಾಗ ಅವರು ಸಣ್ಣವರಾಗಿ ಕಂಡರು. ಬುಟ್ಟಿ ಇಲ್ಲದ ಅವರ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಎಣ್ಣಿ ಹಾಕಿದ್ದು ಜನರ ತಾಟಿಗೆ," ಎಂದರು. "ನನ್ನ ರಕ್ತದಾಗ ಹೆಂಗ ಬಂತು ತಮ್ಮಾ?"

ಊಟ ಒಂದರಿಂದಲೇ ಬರುವುದಲ್ಲ, ಮನೆತನದಿಂದಲೂ ಬರುತ್ತದೆ, ವಯಸ್ಸಿನಿಂದಲೂ ಬರುತ್ತದೆ ಎಂದು ಏನೋ ಹೇಳಿದೆ. ಹಿಂದೆ ನಾಲ್ಕು ಜನ ನಿಂತಿದ್ದರು. ಚೀಟಿಯಲ್ಲಿ ಡಾಕ್ಟರರು ಬರೆದದ್ದು ಎರಡು ಸೊನ್ನೆ, ಒಂದು ಒಂದು. ಅಂದರೆ ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಊಟದ ಮಾತು ಅದರಲ್ಲಿ ಇರಲಿಲ್ಲ. ನಮ್ಮಲ್ಲಿ ಗುಳಿಗೆ ಹಾಕಿ ಕೊಡುವ ಸಣ್ಣ ಕಾಗದದ ಕವರುಗಳ ಮೇಲೆ ಅಚ್ಚು ಮಾಡಿಸಿರುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ. ಅದರ ಕೆಳಗೆ ಊಟಕ್ಕೆ ಮೊದಲು, ಊಟದ ನಂತರ ಎಂದು ಎರಡು ಮನೆ. ಮೂರನೆಯದು ಇಲ್ಲ. ರಾತ್ರಿ ಎಂಬಲ್ಲಿ ರೈಟ್ ಹಾಕಿದೆ. ಊಟದ ನಂತರ ಎಂಬಲ್ಲಿ ರೈಟ್ ಹಾಕಿದೆ. ದಿನಕ್ಕೆ ನೂರು ಸಲ ಹಾಕುವ ರೈಟು. ಕೊಲೆಸ್ಟ್ರಾಲಿಗೆ ಮೊದಲೆಲ್ಲ ಕೊಡುತ್ತಿದ್ದ ಒಂದು ಹಳೆಯ ಗುಳಿಗೆಯನ್ನು ರಾತ್ರಿ ಊಟದ ಜೊತೆ ನುಂಗಬೇಕಿತ್ತು. ಕೈಗೆ ಅದೇ ರೂಢಿ. ಅಕ್ಕಾರಿಗೆ ಬರೆದ ಗುಳಿಗೆಗೆ ಊಟದ ಹಂಗೇ ಇರಲಿಲ್ಲ. ಉಂಡಾದರೂ ನುಂಗಬಹುದು, ಬರಿ ಹೊಟ್ಟೆಯಲ್ಲಾದರೂ ನುಂಗಬಹುದು, ದಿನಾ ಒಂದು ಹೊತ್ತಿಗೆ ತಪ್ಪದೆ ನುಂಗಿದರೆ ಸಾಕು.

ಹತ್ತರ ಮೂರು ಪಟ್ಟಿ ಕೊಟ್ಟೆ. ಅಕ್ಕಾರು ಕವರನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದರು. ನಾಲ್ಕನೆಯ ಇಯತ್ತೆಯವರೆಗೆ ಓದಿದವರು ಅವರು. ಓದಿ, ಏನೋ ಕೇಳಬೇಕೆನ್ನುವಂತೆ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಹಿಂದಿನವರು ಚೀಟಿ ಚಾಚಿದರು. ಅಕ್ಕಾರು ಕವರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ಮೂವತ್ತು ಗುಳಿಗೆ ಮೂವತ್ತು ದಿನಕ್ಕೆ. ಮೂವತ್ತು ದಿನವಾಯಿತು, ನಲವತ್ತಾಯಿತು. ಒಮ್ಮೆ ಮಜ್ಜಿಗೆ ಬಡಿಸುತ್ತಿದ್ದಾಗ, ಅಕ್ಕಾರ, ಗುಳಿಗಿ ತೀರಿದ್ವೇನ್ರಿ ಎಂದು ಕೇಳಿದೆ. ಇನ್ನೂ ಅದಾವ ತಮ್ಮಾ ಎಂದರು. ಸುಳ್ಳಲ್ಲ. ಹಾವೇರಿಗೆ ಮಗಳ ಮನೆಗೆ ಹೋದಾಗ ಅಲ್ಲೇ ಕೊಂಡಿರಬೇಕು ಎಂದುಕೊಂಡೆ. ಬನ್ನಿ ಹಬ್ಬ ಮುಗಿದ ಮೇಲೆ ಇನ್ನೊಮ್ಮೆ ಕೇಳಿದೆ. ಅದಾವ ಎಂದರು. ಸುಗ್ಗಿ ಸುರುವಾದ ಮೇಲೆ ನಾನು ಕೇಳಲಿಲ್ಲ. ಆ ದಿನಗಳಲ್ಲಿ ಪೇಟೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಗಾಳಿಯಲ್ಲಿ ಘಾಟು, ಅರ್ಧ ಊರು ಕೆಮ್ಮುತ್ತಿರುತ್ತದೆ, ನಮ್ಮ ಅಂಗಡಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಅವರ ಖಾನಾವಳಿಯಲ್ಲೂ ಪಂಕ್ತಿಯ ಮೇಲೆ ಪಂಕ್ತಿ. ಇದು ನೆವವಲ್ಲ, ಹೀಗಿತ್ತು ಎಂದು ಹೇಳುತ್ತಿದ್ದೇನೆ.

ಪುರಸೊತ್ತಿಲ್ಲ ಎಂಬುದನ್ನು ನೆವ ಮಾಡಲಾಗದು, ಅದಕ್ಕೊಂದು ಕಾರಣವಿದೆ. ಅದೇ ಸುಗ್ಗಿಯಲ್ಲಿ ರಂಜಾನ್ ಬಂತು. ಶಾಲೆಯಲ್ಲಿ ಉರ್ದು ಕಲಿಸಿ ನಿವೃತ್ತರಾದ ಮಾಸ್ತರೊಬ್ಬರು ನಮ್ಮಲ್ಲಿ ಅದೇ ಗುಳಿಗೆ ಒಯ್ಯುತ್ತಿದ್ದರು. ಅವರು ಬಂದು, ರೋಜಾ ಹಿಡಿದಾಗ ಇದನ್ನು ಯಾವಾಗ ತಗೋಬೇಕು, ಬರಿ ಹೊಟ್ಟೆಗೆ ನಡೆಯುತ್ತದೆಯೇ ಎಂದು ಕೇಳಿದರು. ಸಂಜಿ ಇಫ್ತಾರಕ್ಕಾದರೂ ತಗೋರಿ, ನಸುಕಿನ ಸಹರಿಗಾದರೂ ತಗೋರಿ, ಉಂಡು ತಗೊಂಡರೂ ನಡೀತೈತಿ, ಬರೀ ನೀರಿನ ಜೊತಿ ತಗೊಂಡರೂ ನಡೀತೈತಿ ಎಂದು ನಾನೇ ಹೇಳಿದೆ. ಪಟಪಟನೆ ಹೇಳಿದೆ. ಕೇಳಿದವರಿಗೆ ಕೊಡಲು ನನ್ನಲ್ಲಿ ಉತ್ತರ ಇತ್ತು. ಕೇಳದವರಿಗೆ ಕವರಿನ ಮೇಲಿನ ಎರಡು ಮನೆ ಇದ್ದವು.

ಅದಾಗಿ ಒಂದು ತಿಂಗಳಿಗೆ, ಮಧ್ಯಾಹ್ನದ ಎರಡನೇ ಪಂಕ್ತಿಯಲ್ಲಿ ನಾನು ಕೂತಿದ್ದಾಗ ಅಕ್ಕಾರು ಬುಟ್ಟಿ ಹಿಡಿದುಕೊಂಡೇ ನೆಲದ ಮೇಲೆ ಕೂತರು. ಗಿರಾಕಿಗಳಿರುವಾಗ ಅವರು ಕೂತಿದ್ದನ್ನು ಯಾರೂ ನೋಡಿರಲಿಲ್ಲ. ಆದ್ದರಿಂದ ಎಲ್ಲರ ಕೈ ತಾಟಿನಲ್ಲೇ ನಿಂತವು. ಮುಖ ಬೆವೆತು ನೀರು ಇಳಿಯುತ್ತಿತ್ತು. ಒಂದು ಕೈ ಎದೆಯ ಮೇಲಿತ್ತು. ಏನಾತ್ರಿ ಎಂದರೆ, ಆ ಮೂಲಿಯವರಿಗೆ ಮಜ್ಜಿಗಿ ಕೊಟ್ಟಿಲ್ಲ ನೋಡು ಎಂದರು. ನಾನು ಅಂಗಡಿಗೆ ಓಡಿ ಡಾಕ್ಟರರಿಗೆ ಫೋನು ಮಾಡಿದೆ. ಅವರು ಹೇಳಿದ ಗುಳಿಗೆ ತಂದು ಬಾಯಲ್ಲಿ ಹಾಕಿ ಅಗಿಯಲು ಹೇಳಿದೆ. ಒಬ್ಬ ದಲಾಲರ ಕಾರಿನಲ್ಲಿ ಹಾವೇರಿಗೆ ಒಯ್ದೆವು, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ರಕ್ತನಾಳ ಮುಚ್ಚಿತ್ತು. ಅದನ್ನು ತೆರೆದು ಸ್ಟೆಂಟ್ ಹಾಕಿದರು. ಎಂಟು ದಿನಕ್ಕೆ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು.

ಈ ಮಗಳ ಬಗ್ಗೆ ಹೇಳಬೇಕು. ಒಬ್ಬಳೇ ಮಗಳು. ಹಾವೇರಿಯಲ್ಲಿ ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮಾತು ಕಡಿಮೆ, ಕತ್ತರಿ ಹಾಕಿದಂಥ ಮಾತು. ತಾಯಿಯ ಬಟ್ಟೆಬರೆ ಒಯ್ಯಲು ಬ್ಯಾಡಗಿಗೆ ಬಂದವಳು ಒಂದು ಕೈಚೀಲದ ತುಂಬ ಔಷಧಿ ತಂದು ನನ್ನ ಮುಂದೆ ಸುರುವಿದಳು. ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಸಾಡಬೇಕು ನೋಡ್ರಿ ಅಣ್ಣಾರ ಎಂದಳು. ಮಂಡಿನೋವಿನ ಮುಲಾಮು, ಕಣ್ಣಿನ ಹನಿ, ಅರ್ಧ ಉಳಿದ ಕೆಮ್ಮಿನ ಔಷಧಿ. ಅವುಗಳ ನಡುವೆ ಆ ಕವರು ಇತ್ತು. ಒಳಗೆ ಮೂರು ಪಟ್ಟಿ. ಮೂವತ್ತೂ ಗುಳಿಗೆ. ಒಂದೂ ಹರಿದಿರಲಿಲ್ಲ.

ಇವೇನ್ರಿ ಎಂದಳು. ಹಳೇವವಾ, ಇನ್ನ ಬ್ಯಾಡ ಇವು ಎಂದೆ. ಕವರು ಸಮೇತ ಎತ್ತಿ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಗೆ ಹಾಕಿದೆ. ಆ ಕ್ಷಣದಲ್ಲಿ ನನಗೆ ಅನಿಸಿದ್ದು ದುಃಖವಲ್ಲ. ಆಕೆ ಕವರಿನ ಮೇಲಿನ ಅಕ್ಷರ ಓದಿದಳೋ ಏನೋ ಎಂಬುದಷ್ಟೇ ತಲೆಯಲ್ಲಿತ್ತು.

ಮುಂದಿನ ರವಿವಾರ ಹಾವೇರಿಗೆ ಹೋದೆ. ಅಕ್ಕಾರು ಒಳಖೋಲಿಯಲ್ಲಿ ಮಂಚದ ಮೇಲೆ ಒರಗಿಕೊಂಡಿದ್ದರು. ಮಗಳು ಹೊರಗೆ ಮಷಿನ್ನಿನ ಮೇಲಿದ್ದಳು. ನನ್ನನ್ನು ಕಂಡೊಡನೆ, ಯಾರು ಬಡಸಾಕತ್ತಾರ ಎಂದು ಕೇಳಿದರು. ರೊಟ್ಟಿ ಬಡಿಯುವ ಇಬ್ಬರೂ ಸರತಿ ಮೇಲೆ ಬಡಿಸುತ್ತಿದ್ದಾರೆ ಎಂದೆ. ಮಜ್ಜಿಗೆ ನೀರು ಮಾಡುತ್ತಿಲ್ಲವಷ್ಟೇ ಎಂದರು. ಇಲ್ಲ ಎಂದೆ. ಆಮೇಲೆ ಕೇಳಿದೆ, ಆ ಗುಳಿಗೆ ಯಾಕೆ ತಗೊಳ್ಳಲಿಲ್ಲ ಎಂದು.

ಅವರು ಮಗಳಿಗೆ ಕೇಳಿಸದಂತೆ ಕದ ಮುಂದೆ ಮಾಡು ಎಂದರು. ಮಾಡಿದೆ.

"ನೀ ಬರದದ್ದು ರಾತ್ರಿ ಊಟ ಆದ ಮ್ಯಾಲೆ ಅಂತ," ಎಂದರು. "ನಾ ರಾತ್ರಿ ಉಣ್ಣಂಗಿಲ್ಲ ತಮ್ಮಾ."

ಅವರು ನಿಧಾನವಾಗಿ, ನಡುನಡುವೆ ದಣಿವಾರಿಸಿಕೊಂಡು ಹೇಳಿದ್ದು ಇಷ್ಟು. ಅವರ ಯಜಮಾನರು ಪೇಟೆಯಲ್ಲಿ ತೂಕ ಹಾಕುತ್ತಿದ್ದವರು. ಒಮ್ಮೆ ಲಕ್ವ ಹೊಡೆದು ಮಲಗಿದರು. ಏಳುವ ಆಸೆ ಇರಲಿಲ್ಲ. ಆಗ ಅಕ್ಕಾರು ದೇವರ ಮುಂದೆ, ಇವರು ಎದ್ದು ಕುಂತರ ನಾ ಒಪ್ಪತ್ತು ಮಾಡ್ತೇನಿ, ಹೊತ್ತು ಮುಳುಗಿದ ಮ್ಯಾಲೆ ನೀರು ಬಿಟ್ಟು ಏನೂ ಮುಟ್ಟಂಗಿಲ್ಲ ಎಂದು ಬೇಡಿಕೊಂಡರು. ಯಜಮಾನರು ಎದ್ದು ಕೂತರು. ಕೋಲು ಹಿಡಿದು ಅಂಗಳದವರೆಗೆ ನಡೆದರು. ಎರಡು ವರ್ಷ ಇದ್ದು ಆಮೇಲೆ ಹೋದರು. ಅಕ್ಕಾರು ನೇಮ ಬಿಡಲಿಲ್ಲ. ಗಿರಾಕಿಗಳ ಗದ್ದಲ ಮುಗಿದ ಮೇಲೆ ನಾಲ್ಕು ಗಂಟೆಗೆ ಒಳಗೆ ನಿಂತುಕೊಂಡು ಒಂದೂವರೆ ರೊಟ್ಟಿ ಉಣ್ಣುವುದು, ಮುಗಿಯಿತು. ಯಜಮಾನರು ಹೋದ ಮೇಲೂ ಯಾಕ್ರಿ ಎಂದು ಕೇಳಿದೆ.

"ಎದ್ದು ಕುಂತರ ಅಂದಿದ್ದೆ. ಕುಂತರು. ದೇವರು ಮಾತು ಉಳಿಸ್ಯಾನ, ನಾ ಹೆಂಗ ಬಿಡ್ಲಿ?"

ನನ್ನನ್ನು ಕೇಳಬೇಕಿತ್ತು ಎಂದೆ. ಕೇಳಿದರೆ ನೀನು ಉಣ್ಣು ಅನ್ನುತ್ತಿದ್ದೆ, ಆಗ ನಿನಗೆ ಇಲ್ಲ ಅನ್ನಬೇಕಾಗುತ್ತಿತ್ತು ಎಂದರು. ಸಂಜೆ ನಾಲ್ಕಕ್ಕೆ ಉಂಡ ಮೇಲಾದರೂ ನುಂಗಬಹುದಿತ್ತಲ್ಲ ಎಂದೆ. ಅದರ ಮೇಲೆ ರಾತ್ರಿ ಅಂತ ಇತ್ತಲ್ಲ ಎಂದರು. ಊಟವಿಲ್ಲದೆ ನುಂಗಿದರೆ ಔಷಧಿ ವಿಷವಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಡಾಕ್ಟರರು ಮರಳಿ ಬಾ ಎಂದು ಹೇಳಿದ್ದರು, ಇವರು ಹೋಗಲಿಲ್ಲ. ಗುಳಿಗೆ ನುಂಗದೆ ಅವರಿಗೆ ಮುಖ ಹೆಂಗೆ ತೋರಿಸುವುದು ಎಂದು.

ಹೇಳದೆ ಬಂದುಬಿಡಬಹುದಿತ್ತು. ಹೇಳಿದೆ. ಆ ಗುಳಿಗೆಗೆ ಊಟ ಬೇಕಾಗಿರಲಿಲ್ಲ, ಬರಿ ನೀರಿನ ಜೊತೆ ಯಾವ ಹೊತ್ತಿಗಾದರೂ ನುಂಗಬಹುದಿತ್ತು, ನಾನು ರೂಢಿಯ ಮೇಲೆ ರೈಟ್ ಹಾಕಿದ್ದೆ ಎಂದು. ಹೊರಗೆ ಮಷಿನ್ನು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಸಿಟ್ಟಾಗುತ್ತಾರೆ ಎಂದುಕೊಂಡೆ. ಸಿಟ್ಟಾಗಲಿಲ್ಲ. ನೀರು ನಡೀತಿತ್ತೇನು ಎಂದು ಇನ್ನೊಮ್ಮೆ ಕೇಳಿದರು. ಹೂಂ ಎಂದೆ. ನೀರು ನನ್ನ ನೇಮದಾಗೂ ನಡೀತಿತ್ತು ಎಂದರು. ಅಷ್ಟೇ. ಆಮೇಲೆ ನನ್ನ ಮುಂಗೈ ಹಿಡಿದರು. ಅವರ ಅಂಗೈ ರೊಟ್ಟಿಯ ಬಿಸಿಗೆ ದಡ್ಡುಗಟ್ಟಿದ್ದು, ಮುಟ್ಟಿದರೆ ಮರದಂತೆ ಇತ್ತು.

"ಮಗಳಿಗೆ ಹೇಳಬ್ಯಾಡ," ಎಂದರು. "ಈ ನೇಮದ ಸಲುವಾಗಿ ನಮ್ಮಿಬ್ಬರಿಗೂ ಹತ್ತು ವರ್ಷ ಜಗಳ ಆಗೇತಿ. ನೇಮದಿಂದನ ಹಿಂಗಾತು ಅಂತಾಳ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಬ್ಯಾಡಗಿಗೆ ಬಂದ ಮೇಲೆ ಊರಿನ ಡಾಕ್ಟರರಿಗೆ ಎಲ್ಲ ಹೇಳಿ ಕೇಳಿದೆ. ಎಂಟು ತಿಂಗಳು ಆ ಗುಳಿಗೆ ನುಂಗಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು. ಅವರು ಕನ್ನಡಕ ತೆಗೆದು ಒರೆಸಿದರು. ಆಗುತ್ತಿರಲಿಲ್ಲ ಎಂದೂ ಹೇಳಲಾಗುವುದಿಲ್ಲ, ಆಗುತ್ತಿತ್ತು ಎಂದೂ ಹೇಳಲಾಗುವುದಿಲ್ಲ, ಅವರ ರಕ್ತನಾಳ ಎಷ್ಟು ವರ್ಷದಿಂದ ಕಟ್ಟುತ್ತ ಬಂದಿತ್ತೋ ಎಂದರು. ಹೇಗೆ ನುಂಗಬೇಕೆಂದು ತಾವೂ ಹೇಳಲಿಲ್ಲ ಎಂದರು. ಆ ದಿನ ಅವರ ಬಾಯಿಂದ ತಪ್ಪು ನಿನ್ನದು ಎಂದಾಗಲಿ, ನಿನ್ನದಲ್ಲ ಎಂದಾಗಲಿ ಬಂದಿದ್ದರೆ ನನಗೆ ಏನಾದರೂ ಅನಿಸುತ್ತಿತ್ತೇನೋ. ಎರಡೂ ಬರಲಿಲ್ಲ. ಆ ಮೂರು ಪಟ್ಟಿಯನ್ನು ಅವಧಿ ಮೀರಿದ ಮಾಲಿನ ಜೊತೆ ಸೇರಿಸಿ ಕಳಿಸಿದೆ.

ಅಕ್ಕಾರು ಆಮೇಲೆ ಒಂದೂವರೆ ವರ್ಷ ಇದ್ದರು. ಔಷಧಿ ಎಲ್ಲ ನನ್ನ ಹತ್ತಿರದ್ದೇ ಬೇಕು ಎಂದು ಹಟ. ತಿಂಗಳಿಗೊಮ್ಮೆ ನಾನೇ ಒಯ್ದು ಕೊಡುತ್ತಿದ್ದೆ. ಯಾವುದಕ್ಕೆ ಊಟ ಬೇಕು, ಯಾವುದಕ್ಕೆ ಬೇಡ ಎಂದು ಹುಬ್ಬಳ್ಳಿಯ ಡಾಕ್ಟರರಿಗೆ ಕೇಳಿ, ಒಂದೊಂದಕ್ಕೂ ಬೇರೆ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟೆ. ಊಟದ ಜೊತೆಗಿನವನ್ನು ನಾಲ್ಕು ಗಂಟೆಯ ಊಟಕ್ಕೆ ಹೊಂದಿಸಿದೆವು. ಕೊಲೆಸ್ಟ್ರಾಲಿನ ಗುಳಿಗೆಯನ್ನು ಅವರು ದೀಪ ಹಚ್ಚುವ ಹೊತ್ತಿಗೆ, ಒಂದು ಲೋಟ ನೀರಿನ ಜೊತೆ ನುಂಗುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ. ನಾನು ಹೋದಾಗೆಲ್ಲ ಖಾಲಿ ಪಟ್ಟಿಗಳನ್ನು ತೆಗೆದು ತೋರಿಸುತ್ತಿದ್ದರು. ಬೇಡ ಬಿಡ್ರಿ ಎಂದರೂ ತೋರಿಸುತ್ತಿದ್ದರು. ನಾನು ನೋಡಿ, ಛಲೋ ಆತ್ರಿ ಎನ್ನುತ್ತಿದ್ದೆ.

ಒಮ್ಮೆ ಬ್ಯಾಡಗಿಗೆ ಬಂದಿದ್ದರು. ಖಾನಾವಳಿಯನ್ನು ರೊಟ್ಟಿ ಬಡಿಯುವ ಇಬ್ಬರಿಗೆ ಬಿಟ್ಟುಕೊಟ್ಟಾಗಿತ್ತು. ಅವರು ಅಕ್ಕಾರನ್ನು ಬೆಂಚಿನ ಮೇಲೆ ಕೂರಿಸಿ ಬಡಿಸಿದರು. ನಾನು ಎದುರಿನ ಸಾಲಿನಲ್ಲಿದ್ದೆ. ಅವರು ಉಣ್ಣುವುದನ್ನು ನೋಡಿದ್ದು ಆವತ್ತೇ. ರೊಟ್ಟಿಯನ್ನು ಬಹಳ ಸಣ್ಣ ತುಣುಕು ಮಾಡಿ, ಪಲ್ಯಕ್ಕೆ ತುದಿಯಷ್ಟೇ ಮುಟ್ಟಿಸಿ, ತಲೆ ಎತ್ತದೆ ತಿನ್ನುತ್ತಿದ್ದರು. ಬೇರೆಯವರ ಮನೆಗೆ ಮೊದಲ ಸಲ ಬಂದ ಸೊಸೆ ಉಂಡ ಹಾಗೆ. ಮುಗಿದ ಮೇಲೆ ತಾಟು ತಾವೇ ಎತ್ತಿಕೊಂಡು ಒಳಗೆ ಹೋದರು. ಮಜ್ಜಿಗಿ ನೀರಾಗೇತಿ ಎಂದು ಒಳಗಿನವರಿಗೆ ಹೇಳಿದ್ದು ಹೊರಗೆ ಕೇಳಿಸಿತು.

ಹೃದಯ ನಿಧಾನಕ್ಕೆ ಸೋಲುತ್ತಿತ್ತು. ಒಮ್ಮೆ ಹೊಡೆತ ತಿಂದ ಹೃದಯ ಅಷ್ಟೇ ಎಂದು ಹುಬ್ಬಳ್ಳಿಯಲ್ಲಿ ಹೇಳಿದ್ದರಂತೆ. ದೀಪಾವಳಿ ಮುಗಿದ ಮೇಲಿನ ಆ ಮಧ್ಯಾಹ್ನ ಮಲಗಿದವರು ನಾಲ್ಕು ಗಂಟೆಗೆ ಊಟಕ್ಕೆ ಏಳಲಿಲ್ಲ. ಮಣ್ಣಿಗೆ ಹೋಗಿದ್ದೆ. ಬ್ಯಾಡಗಿಯಿಂದ ಹಮಾಲರು ಒಂದು ಟೆಂಪೋ ತುಂಬ ಬಂದಿದ್ದರು. ಎಲ್ಲರ ಎದುರಿಗೆ ಮಗಳು ನನ್ನ ಕಡೆ ತೋರಿಸಿ, ಅವ್ವ ಇಷ್ಟು ದಿನ ಇದ್ದದ್ದು ಈ ಅಣ್ಣಾರ ದಯದಿಂದ ಎಂದಳು. ಜನ ನನ್ನ ಕಡೆ ನೋಡಿದರು. ನಾನು ಕೈಮುಗಿದು ನಿಂತೆ. ಆ ಮಾತು ಎಲ್ಲೂ ತಾಗಲಿಲ್ಲ.

ಆದರೆ ಆಮೇಲೆ ಅದು ಹೋಗಲೂ ಇಲ್ಲ. ಗಿರಾಕಿಗೆ ಕವರು ಕೊಡುವಾಗ, ನೀವು ಊಟ ಯಾವಾಗ ಮಾಡ್ತೀರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೆ. ಕೆಲವರು ನಿನಗ್ಯಾಕ ಎಂಬಂತೆ ನೋಡುತ್ತಾರೆ. ಕೇಳಿದಾಗಲೆಲ್ಲ, ದಯದಿಂದ ಎಂಬ ಮಾತು ಕಿವಿಯಲ್ಲಿ ಬರುತ್ತಿತ್ತು. ಎರಡು ತಿಂಗಳು ತಡೆದೆ. ಸಂಕ್ರಾಂತಿಯಾದ ಮೇಲೆ ಒಂದು ರವಿವಾರ ಹಾವೇರಿಗೆ ಹೋದೆ.

ಮಗಳು ಮಷಿನ್ನಿನ ಮೇಲಿದ್ದಳು. ಮದುವೆ ಮನೆಯವರ ಜಂಪರುಗಳ ರಾಶಿ ಇತ್ತು. ಕುಂದ್ರಿ ಅಣ್ಣಾರ ಎಂದು ಸ್ಟೂಲು ಸರಿಸಿದಳು. ನಾನು ಕೂತು, ಹೇಳಬೇಕಾದ್ದನ್ನು ಒಂದೇ ಸಮನೆ ಹೇಳಿದೆ. ಕವರಿನ ಮೇಲೆ ಬರೆದದ್ದು, ಅಕ್ಕಾರು ಎಂಟು ತಿಂಗಳು ನುಂಗದೇ ಇದ್ದದ್ದು, ಆಕೆ ತಂದ ಚೀಲದಲ್ಲಿದ್ದ ಪಟ್ಟಿಗಳನ್ನು ಹಳೆಯವು ಎಂದು ಮುಚ್ಚಿಟ್ಟದ್ದು, ಊಟವೇ ಬೇಕಾಗಿರಲಿಲ್ಲ ಎಂಬುದು. ಡಾಕ್ಟರರು ಹೇಳಿದ್ದನ್ನೂ ಹೇಳಿದೆ. ಆಕೆ ಕಾಲು ನಿಲ್ಲಿಸಿ ಕೇಳಿದಳು. ಸೂಜಿ ಬಟ್ಟೆಯಲ್ಲಿ ಇಳಿದು ನಿಂತಿತ್ತು.

"ಅವ್ವಗ ಇದು ಗೊತ್ತಿತ್ತೇನ್ರಿ?" ಎಂದಳು.

"ಗೊತ್ತಿತ್ತವಾ. ನಿನಗ ಹೇಳಬ್ಯಾಡ ಅಂದಿದ್ರು."

"ನೀವು ಏನಂದಿದ್ರಿ?"

"ಹೇಳಂಗಿಲ್ಲ ಅಂದಿದ್ದೆ."

ಆಕೆ ಬಟ್ಟೆಯ ಮೇಲೆ ಕೈ ಆಡಿಸುತ್ತ ಕೂತಳು. ಬೀದಿಯಲ್ಲಿ ಯಾರೋ ಹಾಲಿನ ಕ್ಯಾನು ಇಳಿಸುತ್ತಿದ್ದರು. ಬೈದರೆ ಬೈಯಲಿ ಎಂದು ಕಾದೆ. ಆಸ್ಪತ್ರೆಯಿಂದ ಬಂದ ಮೇಲೆ ತಾನು ತಾಯಿಯನ್ನು ಆ ನೇಮಕ್ಕಾಗಿ ಎಷ್ಟು ಅಂದಿದ್ದೆ ಎಂದು, ನನಗಲ್ಲ, ಬಟ್ಟೆಗೆ ಹೇಳಿದಂತೆ ಹೇಳಿದಳು. ಉಪವಾಸ ಬಿದ್ದೇ ಹೀಗೆ ಮಾಡಿಕೊಂಡೆ ಎಂದು ದಿನಾ ಅನ್ನುತ್ತಿದ್ದಳಂತೆ. ಅವ್ವ ಒಂದು ಮಾತೂ ಆಡುತ್ತಿರಲಿಲ್ಲವಂತೆ. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಮಾತು ಕೊಟ್ಟಿದ್ರಲ್ಲ ಅಣ್ಣಾರ. ಮತ್ತ ಈಗ್ಯಾಕ ಹೇಳಿದ್ರಿ?"

ಆಕೆಯೇ ಹೇಳಿದಳು.

"ನಿಮಗ ಹಗೂರ ಆಗ್ಲಿ ಅಂತ."

"ಹೌದವಾ."

"ಆತೇನ್ರಿ?"

ನಾನು ನನ್ನೊಳಗೆ ನೋಡಿಕೊಂಡೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇಲ್ಲ ಎಂದೆ.

ಆಕೆ ತಲೆ ಆಡಿಸಿದಳು. ಒಳಗೆ ಹೋಗಿ ಚಾ ಮಾಡಿಕೊಂಡು ಬಂದು ಕೊಟ್ಟಳು. ನಾನು ಕುಡಿದೆ. ಆಕೆ ಚಕ್ರಕ್ಕೆ ಕೈ ಹಚ್ಚಿ ಸೂಜಿ ಮೇಲೆತ್ತಿದಳು, ಬಟ್ಟೆ ಸರಿಮಾಡಿ ಮತ್ತೆ ಹೊಲಿಯತೊಡಗಿದಳು. ಬರ್ತೇನವಾ ಎಂದೆ. ಹೂಂ ಎಂದಳು, ಹೊಲಿಗೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ನಾನು ಕಪ್ಪನ್ನು ಕಿಟಕಿಯಲ್ಲಿ ಇಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೆ.